ಗೂಗಲ್ ಡಾಕ್ಸ್: ಕನ್ನಡ ಹಸ್ತಪ್ರತಿಗಳೊಂದಿಗೆ ಹಲವು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಕೆಲವು ಸಣ್ಣ ಪ್ರಕಾಶನಗಳಿಗೆ ಅನುವಾದಗಳನ್ನು ಪರಿಷ್ಕರಿಸಿಕೊಡುವುದು ಮತ್ತು ಕರಡು ತಿದ್ದುವುದು ನನ್ನ ವೃತ್ತಿ. ಲೇಖಕರು ಮೈಸೂರಿನಲ್ಲೋ ಧಾರವಾಡದಲ್ಲೋ ಇರುತ್ತಾರೆ, ಪ್ರಕಾಶಕರು ಬಸವನಗುಡಿಯಲ್ಲಿರುತ್ತಾರೆ, ಪುಟ ಕಟ್ಟುವವರು ಚಾಮರಾಜಪೇಟೆಯಲ್ಲಿರುತ್ತಾರೆ. ಇವರೆಲ್ಲರ ನಡುವೆ ಹಸ್ತಪ್ರತಿ ಓಡಾಡುವ ದಾರಿ ಬಹುಕಾಲದಿಂದ ಅಂತರ್ಜಾಲದಲ್ಲಿ ಒಂದೇ ಕಡತವನ್ನು ಹಲವರು ಸೇರಿ ಬರೆದು ತಿದ್ದುವ ಸೇವೆಯಾದ ಗೂಗಲ್ ಡಾಕ್ಸ್ ಆಗಿದೆ. ಈ ಸೇವೆಗೆ ಹೊಸದೇನೂ ಸೇರದೆ ಒಂದು ವರ್ಷವೂ ಕಳೆದದ್ದು ನನಗೆ ನೆನಪಿಲ್ಲ. ಸಾಮಾನ್ಯವಾಗಿ ಹೊಸ ಸೌಲಭ್ಯ ಬಂದ ವಾರದಲ್ಲೇ ಅದರ ಗುಣದೋಷಗಳ ಚರ್ಚೆ ಮುಗಿದುಹೋಗುತ್ತದೆ. ವರ್ಷಗಳ ನಂತರವೂ ದಿನನಿತ್ಯದ ಕೆಲಸದಲ್ಲಿ ಉಳಿದುಕೊಂಡದ್ದು ಯಾವುದು ಎಂಬುದನ್ನು ಹೇಳುವುದು ಈ ವಿಮರ್ಶೆಯ ಉದ್ದೇಶ. ಪಠ್ಯದ ಮೇಲೆ ಯಾರು ಯಾವ ಕೈ ಆಡಿಸಿದರು ಎಂಬುದನ್ನು ತೋರಿಸುವ ಬದಲಾವಣೆಗಳು ನಮ್ಮ ಕೆಲಸದ ರೀತಿಯನ್ನೇ ಬದಲಿಸಿದವು. ಪರದೆಯ ಮೇಲೆ ಕಾಣದ, ಸಂಗ್ರಹ ಮತ್ತು ಖಾತೆಗಳ ನಿಯಮಗಳ ಬದಲಾವಣೆಗಳನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಪುಸ್ತಕಗಳ ದೃಷ್ಟಿಯಿಂದ ನೋಡಿದರೆ ಅವೇ ಹೆಚ್ಚು ಗಂಭೀರವಾದವು.

2006ರಲ್ಲಿ ಗೂಗಲ್ ಕಂಪನಿಯು ರೈಟ್‌ಲಿ ಎಂಬ ಜಾಲತಾಣ ಆಧಾರಿತ ಬರವಣಿಗೆಯ ತಂತ್ರಾಂಶವನ್ನು ಕೊಂಡುಕೊಂಡು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೆಕ್ಕದ ಹಾಳೆಗಳ ಜೊತೆ ಸೇರಿಸಿ ಇಂದಿನ ಡಾಕ್ಸ್‌ನ ಮೊದಲ ರೂಪವನ್ನು ಹೊರತಂದಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ ಕಂಪನಿಯ ಕಡತ ಸಂಗ್ರಹ ಸೇವೆಯಾದ ಡ್ರೈವ್ ಬಂದಾಗ ಕಡತಗಳಿಗೆ ಒಂದು ಮನೆ ಸಿಕ್ಕಿತು. ಆ ಕಾಲದಲ್ಲಿ ಕನ್ನಡದ ಬರವಣಿಗೆ ಬಹುಮಟ್ಟಿಗೆ ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ನಡೆಯುತ್ತಿತ್ತು. ಕಡತವನ್ನು ಇಮೇಲ್‌ನಲ್ಲಿ ಕಳಿಸಿ, ತಿದ್ದಿದ್ದನ್ನು ಮತ್ತೆ ಇಮೇಲ್‌ನಲ್ಲಿ ತರಿಸಿಕೊಂಡು, ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಹೆಸರುಗಳ ನಡುವೆ ಸರಿಯಾದ ಪ್ರತಿಯನ್ನು ಹುಡುಕುವುದರಲ್ಲೇ ಎಷ್ಟೋ ಹೊತ್ತು ಹೋಗುತ್ತಿತ್ತು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಗಳ ವ್ಯವಸ್ಥೆ ಯೂನಿಕೋಡ್. ಆ ಯೂನಿಕೋಡ್ ಕನ್ನಡ ಎಲ್ಲ ಕಂಪ್ಯೂಟರುಗಳಲ್ಲೂ ನೆಟ್ಟಗೆ ಮೂಡತೊಡಗಿದ ಮೇಲೆಯೇ ಒಂದೇ ಕಡತದಲ್ಲಿ ಎಲ್ಲರೂ ಕೂತು ಕೆಲಸ ಮಾಡುವುದು ನಮಗೆ ಸಾಧ್ಯವಾಯಿತು.

ನನ್ನ ಮಟ್ಟಿಗೆ ಇಲ್ಲಿಯವರೆಗಿನ ಅತಿ ದೊಡ್ಡ ಬದಲಾವಣೆ 2014ರಲ್ಲಿ ಬಂದ ಸಜೆಸ್ಟಿಂಗ್ ಸೌಲಭ್ಯ. ಅದಕ್ಕೂ ಮೊದಲು ಡಾಕ್ಸ್‌ನಲ್ಲಿ ತಿದ್ದಿದರೆ ತಿದ್ದಿದ್ದೇ ಪಠ್ಯವಾಗುತ್ತಿತ್ತು. ಈ ಸೌಲಭ್ಯ ಬಂದ ನಂತರ ನನ್ನ ಪ್ರತಿಯೊಂದು ತಿದ್ದುಪಡಿಯೂ ಸಲಹೆಯಾಗಿ, ಬೇರೆ ಬಣ್ಣದಲ್ಲಿ, ನನ್ನ ಹೆಸರಿನೊಂದಿಗೆ ನಿಲ್ಲುತ್ತದೆ. ಒಪ್ಪುವುದು ಬಿಡುವುದು ಲೇಖಕರ ಕೈಯಲ್ಲಿರುತ್ತದೆ. ಪರಿಷ್ಕರಣೆಯಲ್ಲಿ ಲೇಖಕರ ಹಕ್ಕು ಎಂಬುದನ್ನು ನಾವು ಬಾಯಿಮಾತಿನಲ್ಲಿ ಎಷ್ಟೇ ಗೌರವಿಸಿದರೂ, ಅದನ್ನು ಪುಟದ ಮೇಲೆ ಕಣ್ಣಿಗೆ ಕಾಣುವಂತೆ ಮಾಡಿದ್ದು ಈ ಸಣ್ಣ ಏರ್ಪಾಡು. ಒಂದು ಕಾದಂಬರಿಯ ಅನುವಾದದಲ್ಲಿ ‘ಮುದುಕ ಆ ರಾತ್ರಿಯೇ ಊರು ಬಿಟ್ಟನಂತೆ’ ಎಂಬ ವಾಕ್ಯವಿತ್ತು. ಹಿಂದುಮುಂದಿನ ವಾಕ್ಯಗಳೆಲ್ಲ ನೇರ ನಿರೂಪಣೆಯಲ್ಲಿದ್ದುದರಿಂದ ಅದನ್ನು ‘ಬಿಟ್ಟನು’ ಎಂದು ಬದಲಿಸುವ ಸಲಹೆ ಕೊಟ್ಟಿದ್ದೆ. ಅನುವಾದಕಿ ಅದರ ಪಕ್ಕದಲ್ಲೇ, ‘ಸರ್, ನಿರೂಪಕ ಇದನ್ನು ಕಣ್ಣಾರೆ ಕಂಡಿಲ್ಲ, ಮುಂದಿನ ಅಧ್ಯಾಯದಲ್ಲಿ ಗೊತ್ತಾಗುತ್ತದೆ, ಹಾಗೇ ಇರಲಿ’ ಎಂದು ಬರೆದು ಸಲಹೆಯನ್ನು ತಳ್ಳಿಹಾಕಿದರು. ಅವರು ಹೇಳಿದ್ದೇ ಪುಸ್ತಕದಲ್ಲಿ ಉಳಿಯಿತು. ಹಳೆಯ ಪದ್ಧತಿಯಲ್ಲಾಗಿದ್ದರೆ ಈ ಚರ್ಚೆ ನಡೆಯುವುದಕ್ಕೆ ಜಾಗವೇ ಇರುತ್ತಿರಲಿಲ್ಲ. ಹೊಸದಾಗಿ ಈ ಸೌಲಭ್ಯ ಬಳಸುವ ಕನ್ನಡದವರಿಗೆ ಒಂದು ಮಾತು ಹೇಳಬೇಕು: ಗುಣಿತವನ್ನೋ ಒತ್ತಕ್ಷರವನ್ನೋ ಮಾತ್ರ ಅಳಿಸಿ ತಿದ್ದುವ ಬದಲು ಇಡೀ ಪದವನ್ನೇ ಹೊಸದಾಗಿ ಟೈಪ್ ಮಾಡಿ. ಯೂನಿಕೋಡ್‌ನಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳ ಸರಣಿ. ಅದರ ನಡುವಿನ ಒಂದನ್ನು ಮಾತ್ರ ಬದಲಿಸಿದ ತಿದ್ದುಪಡಿಗಿಂತ, ಹಳೆಯ ಪದ ಮತ್ತು ಹೊಸ ಪದ ಎರಡೂ ಪೂರ್ತಿಯಾಗಿ ಅಕ್ಕಪಕ್ಕದಲ್ಲಿ ಕಂಡರೆ ಲೇಖಕರಿಗೆ ನಿರ್ಧರಿಸುವುದು ಸುಲಭ.

ಇದರ ಜೊತೆಗೇ ಹೇಳಬೇಕಾದದ್ದು ಆವೃತ್ತಿಗಳ ಇತಿಹಾಸ. ಕಡತದ ಹಿಂದಿನ ಸ್ಥಿತಿಗಳು ದಿನಾಂಕ ಮತ್ತು ತಿದ್ದಿದವರ ಹೆಸರುಗಳ ಸಮೇತ ಉಳಿಯುತ್ತವೆ, ಬೇಕಾದ ಹಂತಕ್ಕೆ ನಾವೇ ಹೆಸರಿಡಬಹುದು. ‘ಮೊದಲ ಓದು’, ‘ಲೇಖಕರು ನೋಡಿದ್ದು’, ‘ಪುಟ ಕಟ್ಟಲು ಕೊಟ್ಟದ್ದು’ ಎಂದು ನಾನು ಹೆಸರಿಡುತ್ತೇನೆ. ರಾಜ್ಯೋತ್ಸವದ ಹೊತ್ತಿಗೆ ಬಿಡುಗಡೆಯಾಗಬೇಕಿದ್ದ ಒಂದು ಪ್ರಬಂಧ ಸಂಕಲನದಲ್ಲಿ ಲೇಖಕರು ಕೊನೆಯ ಗಳಿಗೆಯಲ್ಲಿ ಒಂದು ಪ್ಯಾರಾ ತೆಗೆದಿದ್ದರು. ಪ್ರಕಾಶಕರ ಒತ್ತಾಯಕ್ಕೆ ಮಣಿದು ಅದು ಇರಲಿ ಎಂದು ಅವರು ಒಪ್ಪುವ ವೇಳೆಗೆ ಅವರ ಬಳಿಯೇ ಅದರ ಪ್ರತಿ ಇರಲಿಲ್ಲ. ಹಿಂದಿನ ಆವೃತ್ತಿಯನ್ನು ತೆರೆದು ಆ ಪ್ಯಾರಾ ಒಂದನ್ನೇ ನಕಲು ಮಾಡಿಕೊಂಡೆವು, ಉಳಿದ ಹೊಸ ತಿದ್ದುಪಡಿಗಳು ಹಾಗೆಯೇ ಉಳಿದವು. ಆದರೆ ಜಾಗ ಉಳಿಸಲು ಹಳೆಯ ಆವೃತ್ತಿಗಳನ್ನು ಒಂದಕ್ಕೊಂದು ಸೇರಿಸಿಬಿಡುವುದುಂಟು ಎಂದು ಗೂಗಲ್‌ನ ಸಹಾಯ ಪುಟವೇ ಹೇಳುತ್ತದೆ. ಆದ್ದರಿಂದ ಮುಖ್ಯವಾದ ಹಂತಗಳಿಗೆ ಹೆಸರಿಡುವುದನ್ನು ಕಡ್ಡಾಯವೆಂದೇ ತಿಳಿಯಬೇಕು.

2021ರ ಮೇ ತಿಂಗಳಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಪ್ರಕಟವಾಯಿತು. ಪಠ್ಯವನ್ನು ಎಚ್‌ಟಿಎಂಎಲ್ ರೂಪದಲ್ಲಿ, ಅಂದರೆ ಜಾಲಪುಟದ ಸಾಮಾನ್ಯ ಪಠ್ಯವಾಗಿ ತೋರಿಸುವುದನ್ನು ಬಿಟ್ಟು ಕ್ಯಾನ್ವಾಸ್ ಮೇಲೆ, ಅಂದರೆ ಚಿತ್ರದಂತೆ ಬಿಡಿಸುವ ವಿಧಾನಕ್ಕೆ ಡಾಕ್ಸ್ ಹೊರಳಿತು. ವೇಗ ಹೆಚ್ಚಬೇಕು, ಎಲ್ಲ ಸಾಧನಗಳಲ್ಲೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಇದಕ್ಕೆ ಕೊಟ್ಟ ಕಾರಣ. ಪುಟದ ಎಚ್‌ಟಿಎಂಎಲ್ ಅನ್ನು ಓದಿ ಕೆಲಸ ಮಾಡುವ ಬ್ರೌಸರ್ ವಿಸ್ತರಣೆಗಳಿಗೆ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಿಗೆ) ಇದರಿಂದ ತೊಂದರೆಯಾಗಬಹುದು ಎಂದು ಕಂಪನಿ ಮೊದಲೇ ಎಚ್ಚರಿಸಿತ್ತು. ಬರೆಯುವವರಿಗೆ ಮೇಲ್ನೋಟಕ್ಕೆ ಏನೂ ಬದಲಾದಂತೆ ಕಾಣದಿದ್ದರೂ, ಕನ್ನಡಕ್ಕಾಗಿ ಕಾಗುಣಿತ ಪರೀಕ್ಷೆಯ ಉಪಕರಣ ಕಟ್ಟಬೇಕೆನ್ನುವ ಉತ್ಸಾಹಿಗಳು ಈ ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಕನ್ನಡಕ್ಕೆ ನೇರವಾಗಿ ಒದಗಿದ ಸೌಲಭ್ಯಗಳಲ್ಲಿ ಧ್ವನಿಯ ಮೂಲಕ ಬರೆಯುವುದು ಮುಖ್ಯವಾದದ್ದು. ಗೂಗಲ್‌ನ ಧ್ವನಿ ಗುರುತಿಸುವಿಕೆಗೆ 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿದಂತೆ ಭಾರತದ ಎಂಟು ಭಾಷೆಗಳು ಸೇರಿದವು. ಕೈ ನಡುಗುವ, ಕಣ್ಣು ಮಂಜಾದ ಹಿರಿಯ ಲೇಖಕರಿಗೆ ಇದು ಎಂಥ ದೊಡ್ಡ ನೆರವು ಎಂಬುದನ್ನು ರಾಜಾಜಿನಗರದ ಒಬ್ಬ ನಿವೃತ್ತ ಅಧ್ಯಾಪಕರ ಮನೆಯಲ್ಲಿ ನೋಡಿದ್ದೇನೆ. ಅವರು ಸೊಸೆಯನ್ನು ಕರೆದು, ‘ಅಮ್ಮಾ, ಆ ಮೈಕು ಒತ್ತಿಕೊಡು’ ಎಂದು ಹೇಳಿ, ಕಂಪ್ಯೂಟರ್ ಮುಂದೆ ಕುಳಿತು ತರಗತಿಯಲ್ಲಿ ಪಾಠ ಹೇಳುವ ನಿಧಾನದಲ್ಲಿ ನೆನಪುಗಳನ್ನು ಹೇಳುತ್ತಿದ್ದರು. ಹೇಳಿದ್ದು ಸಾಲುಸಾಲಾಗಿ ಪರದೆಯ ಮೇಲೆ ಮೂಡುತ್ತಿತ್ತು. ವಿರಾಮ ಚಿಹ್ನೆಗಳನ್ನು ಮಾತಿನಲ್ಲಿ ಹೇಳಿ ಹಾಕಿಸುವ ಸೌಲಭ್ಯ ಇಂಗ್ಲಿಷ್, ಫ್ರೆಂಚ್, ಜರ್ಮನ್‌ನಂಥ ಕೆಲವೇ ಭಾಷೆಗಳಿಗೆ ಇರುವುದರಿಂದ, ಪೂರ್ಣವಿರಾಮವಿಲ್ಲದ ಆ ಪಠ್ಯವನ್ನು ವಾಕ್ಯಗಳಾಗಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸವನ್ನು ನಾನು ಸಂತೋಷದಿಂದ ಮಾಡಿದೆ, ಏಕೆಂದರೆ ಅವರ ಉಸಿರಿನ ಏರಿಳಿತ ಆ ಸಾಲುಗಳಲ್ಲಿ ಹಾಗೆಯೇ ಇತ್ತು. ಆದರೂ ಇಷ್ಟು ವರ್ಷಗಳ ನಂತರ ಪೂರ್ಣವಿರಾಮವಾದರೂ ಕನ್ನಡಕ್ಕೆ ದಕ್ಕಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ಡ್ರೈವ್‌ನ ಅಕ್ಷರ ಗುರುತಿಸುವ ಸೌಲಭ್ಯ, ಅಂದರೆ ಓಸಿಆರ್, ನಮ್ಮ ಬೆನ್ನಿಗಿದೆ. ಪುಟದ ಚಿತ್ರವನ್ನು ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಕೆಳಗೆ ಪಠ್ಯ ಸಿಗುತ್ತದೆ. 2015ರಲ್ಲಿ ಇದು ಇನ್ನೂರಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು. ಚಿತ್ರದ ಗಾತ್ರ 2 ಎಂಬಿ ಮೀರದಿರಲಿ ಎಂಬ ಸೂಚನೆ ಇರುವುದರಿಂದ ಇಡೀ ಪುಸ್ತಕವನ್ನು ಒಮ್ಮೆಗೇ ಏರಿಸದೆ ಪುಟಪುಟವಾಗಿ ಮಾಡುವುದು ಒಳ್ಳೆಯದು. ಯಾವ ಓಸಿಆರ್ ಬಳಸಿದರೂ ಅನುಸ್ವಾರ ಮತ್ತು ಕನ್ನಡದ ಸೊನ್ನೆಯ ಮೇಲೆ ಒಂದು ಕಣ್ಣಿರಬೇಕು. ಓದುವವರಿಗೆ ಎರಡೂ ಒಂದೇ ದುಂಡು ಗುರುತು, ಯೂನಿಕೋಡ್‌ಗೆ ಅವು ಬೇರೆ ಬೇರೆ. ಸೊನ್ನೆ ಬಿದ್ದ ‘ಸ೦ಜೆ’ ಕಣ್ಣಿಗೆ ಸರಿಯಾಗಿಯೇ ಕಂಡು, ಹುಡುಕಿದಾಗ ಮಾತ್ರ ಸಿಗದೆ ಹೋಗುತ್ತದೆ.

ಪುಟ ಕಟ್ಟುವ ಹಂತದ ತೊಡಕನ್ನು ಡಾಕ್ಸ್‌ನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ, ಆದರೆ ಹೇಳದೆ ಬಿಡುವಂತೆಯೂ ಇಲ್ಲ. ನಮ್ಮ ಡಿಟಿಪಿಯವರಲ್ಲಿ ಹಲವರು ಇಂದಿಗೂ ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲೇ ಪುಟ ಕಟ್ಟುತ್ತಾರೆ. 2001ರ 7.0 ಆವೃತ್ತಿಗೇ ನಿಂತುಹೋದ, ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ ಇನ್ನೂ ಕೆಲವು ಮೇಜುಗಳ ಮೇಲಿದೆ. ಡಾಕ್ಸ್‌ನಿಂದ ಇಳಿಸಿದ ಪಠ್ಯವನ್ನು ಅವರು ಪರಿವರ್ತಕದಲ್ಲಿ ಹಾಯಿಸುತ್ತಾರೆ. ಆ ನಂತರ ಅರ್ಕಾವತ್ತು ಬರುವ ಪದಗಳನ್ನೂ, ‘ರ‍್ಯಾಂಕ್’ನಂಥ ಪದಗಳನ್ನೂ ಮತ್ತೊಮ್ಮೆ ನೋಡಲೇಬೇಕು. ನಾನು ಕೊನೆಯ ಕರಡನ್ನು ಮೂಲದೊಂದಿಗೆ ಹೋಲಿಸುವಾಗ ಮೊದಲು ಹುಡುಕುವುದೇ ಇವುಗಳನ್ನು. ಲೇಖಕರಿಗೆ ಓದಲು ಕೊಡುವ ಪ್ರತಿಯ ಮಟ್ಟಿಗೆ ಡಾಕ್ಸ್‌ನಲ್ಲಿ ಸಿಗುವ ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಫಾಂಟುಗಳು ಕಣ್ಣಿಗೆ ಹಿತವಾಗಿವೆ.

ಉಳಿದ ಸೇರ್ಪಡೆಗಳನ್ನು ಬೇಗ ಹೇಳಿ ಮುಗಿಸಬಹುದು. 2022ರಲ್ಲಿ ಬಂದ ಪುಟಗಳ ಗೆರೆಯಿಲ್ಲದ ವಿನ್ಯಾಸ ಕಚೇರಿಯ ಟಿಪ್ಪಣಿಗಳಿಗೆ ಒಪ್ಪುತ್ತದೆ, ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಲೆಕ್ಕದಲ್ಲಿ ಯೋಚಿಸುವ ಪುಸ್ತಕದವರಿಗೆ ಅದರಿಂದ ಉಪಯೋಗವಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಟ್ಯಾಬ್‌ಗಳು ನಿಜಕ್ಕೂ ಒಳ್ಳೆಯವು: ಒಂದೇ ಕಡತದೊಳಗೆ ಅಧ್ಯಾಯಕ್ಕೊಂದು ಟ್ಯಾಬ್, ಪದಕೋಶಕ್ಕೊಂದು, ಲೇಖಕರಿಗೆ ಕೇಳಬೇಕಾದ ಪ್ರಶ್ನೆಗಳಿಗೊಂದು ಇಟ್ಟುಕೊಳ್ಳಬಹುದು. ಗೂಗಲ್ ಕಂಪನಿಯ ಕೃತಕ ಬುದ್ಧಿಮತ್ತೆಯ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳೊಂದಿಗೆ ನಮ್ಮ ದೇಶಕ್ಕೆ ಬಂತು. ಪತ್ರವ್ಯವಹಾರಕ್ಕೆ ಅದರ ನೆರವು ಪಡೆಯುವವರ ಬಗ್ಗೆ ನನ್ನ ಆಕ್ಷೇಪವಿಲ್ಲ. ಇನ್ನೊಬ್ಬರ ಹಸ್ತಪ್ರತಿಗೆ ಮಾತ್ರ ಲೇಖಕರ ಒಪ್ಪಿಗೆಯಿಲ್ಲದೆ ಇಂಥ ಯಾವ ಸಾಧನವನ್ನೂ ನಾನು ತಾಗಿಸುವುದಿಲ್ಲ.

ಇನ್ನು ನಿಯಮಗಳ ವಿಷಯ. 2021ರ ಜೂನ್ 1ಕ್ಕೆ ಮೊದಲು ಡಾಕ್ಸ್ ಕಡತಗಳು ಖಾತೆಯ ಸಂಗ್ರಹದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ದಿನದಿಂದ ಹೊಸ ಕಡತಗಳೂ, ಹಳೆಯವಾಗಿದ್ದು ಆನಂತರ ತಿದ್ದಿದ ಕಡತಗಳೂ ಜಿಮೇಲ್ ಮತ್ತು ಫೋಟೋಗಳ ಜೊತೆಗೆ ಅದೇ 15 ಜಿಬಿ ಉಚಿತ ಜಾಗವನ್ನು ಹಂಚಿಕೊಳ್ಳಬೇಕಾಯಿತು. ಬರಿಯ ಪಠ್ಯಕ್ಕೆ ಹಿಡಿಯುವ ಜಾಗ ತೀರಾ ಕಡಿಮೆ. ಆದರೆ ಮೊಮ್ಮಕ್ಕಳ ವಿಡಿಯೋಗಳಿಂದ ಲೇಖಕರ ಖಾತೆ ತುಂಬಿಹೋದರೆ ಅವರು ಹೊಸ ಡಾಕ್ಸ್ ಕಡತ ತೆರೆಯಲಾಗದು, ಪ್ರಕಾಶಕರ ಇಮೇಲ್ ಕೂಡ ತಲುಪದು. ಎರಡನೆಯ ನಿಯಮ ಇನ್ನೂ ಕಠಿಣವಾದದ್ದು: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು, ಅವುಗಳಲ್ಲಿರುವ ಎಲ್ಲದರ ಸಮೇತ, 2023ರ ಡಿಸೆಂಬರ್‌ನಿಂದ ಅಳಿಸಲು ಅವಕಾಶವಿದೆ. ನಮ್ಮ ಹಿರಿಯ ಲೇಖಕರಲ್ಲಿ ಅನೇಕರ ಖಾತೆಗಳನ್ನು ಮಗನೋ ಮೊಮ್ಮಗಳೋ ತೆರೆದುಕೊಟ್ಟಿರುತ್ತಾರೆ. ಒಂದು ಪುಸ್ತಕ ಮುಗಿದ ಮೇಲೆ ಅದನ್ನು ಮುಟ್ಟುವವರಿರುವುದಿಲ್ಲ.

ಹಿಂದೆ ನಾನು ಬಳಸುತ್ತಿದ್ದ ಇನ್ನೊಂದು ಟಿಪ್ಪಣಿ ಸೇವೆ ಅಲ್ಪಾವಧಿಯ ಸೂಚನೆ ಕೊಟ್ಟು ಬಾಗಿಲು ಮುಚ್ಚಿದಾಗ, ತಿದ್ದಲು ಬರುವ ರೂಪದಲ್ಲಿ ಪಠ್ಯವನ್ನು ಹೊರತೆಗೆಯುವ ದಾರಿಯನ್ನೇ ಅದು ಕೊಟ್ಟಿರಲಿಲ್ಲ. ಆ ಕಹಿ ಅನುಭವದಿಂದಾಗಿ ಗೂಗಲ್ ಕೊಡುವ ಟೇಕ್‌ಔಟ್ ಎಂಬ ಸೌಲಭ್ಯಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. 2011ರಿಂದ ಇರುವ ಇದರಲ್ಲಿ ಖಾತೆಯ ಕಡತಗಳನ್ನೆಲ್ಲ ವರ್ಡ್ ರೂಪದಲ್ಲಿ ಒಟ್ಟಿಗೆ ಇಳಿಸಿಕೊಳ್ಳಬಹುದು. ಪುಸ್ತಕ ಅಚ್ಚಿಗೆ ಹೋದ ದಿನವೇ ಇಳಿಸಿ ಪ್ರಕಾಶಕರ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ ಹಾಕುತ್ತೇನೆ. ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬ ಇನ್ನೊಂದು ಸೌಲಭ್ಯ 2013ರಿಂದ ಇದೆ. ಖಾತೆ ಇಂತಿಷ್ಟು ತಿಂಗಳು ಮೌನವಾದರೆ ನಾವು ಹೆಸರಿಸಿದ ಆಪ್ತರಿಗೆ ಸುದ್ದಿ ಮುಟ್ಟಿಸಿ, ನಾವು ಆಯ್ಕೆ ಮಾಡಿದ ಕಡತಗಳನ್ನು ಅವರಿಗೆ ಒಪ್ಪಿಸುವ ಏರ್ಪಾಡು ಅದು. ಮನೆಯ ಹಿರಿಯರು ಬರೆಯುವವರಾಗಿದ್ದರೆ ಅವರ ಜೊತೆ ಕುಳಿತು, ಅವರ ಒಪ್ಪಿಗೆ ಪಡೆದು ಇದನ್ನು ಹೊಂದಿಸಿಕೊಡಿ. ಜೊತೆಗೆ ಕಡತದ ಒಡೆತನ ಯಾರದೆಂದೂ ನೋಡಿಕೊಳ್ಳಿ. ಹತ್ತು ಜನರಿಗೆ ಹಂಚಿದ ಕಡತವೂ ತೆರೆದವರ ಖಾತೆಗೇ ಸೇರಿದ್ದು, ಆ ಖಾತೆ ಅಳಿಸಿಹೋದರೆ ಹತ್ತು ಜನರಿಗೂ ಅದು ಇಲ್ಲವಾಗುತ್ತದೆ. ವೈಯಕ್ತಿಕ ಖಾತೆಗಳಲ್ಲಿ ಒಡೆತನ ವರ್ಗಾಯಿಸಬೇಕಾದರೆ ಪಡೆಯುವವರು ಒಪ್ಪಿಗೆ ಕೊಡಬೇಕಾಗುತ್ತದೆ. ಆದ್ದರಿಂದ ಹಸ್ತಪ್ರತಿ ಕೈಗೆತ್ತಿಕೊಳ್ಳುವಾಗಲೇ ಲೇಖಕರನ್ನೂ ಪ್ರಕಾಶಕರನ್ನೂ ಫೋನಿನಲ್ಲಿ ಕೂಡಿಸಿ, ಕಡತ ಯಾರ ಖಾತೆಯಲ್ಲಿರಬೇಕು ಎಂದು ತೀರ್ಮಾನಿಸಿಕೊಂಡ ಮೇಲೆಯೇ ನಾನು ಮೊದಲ ಸಲಹೆ ಬರೆಯುತ್ತೇನೆ.