ಫ್ರಿಜ್ ಕೆಟ್ಟರೆ ಗಾಬರಿಯಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ

ವಿಜಯಪುರದ ಮೇ ತಿಂಗಳ ಬಿಸಿಲು ಗೊತ್ತೇ ಇದೆ ಅಲ್ವಾ, ಅಂಥ ಒಂದು ಮಧ್ಯಾಹ್ನ ನಮ್ಮ ಫ್ರಿಜ್ ನಿಂತಿತು. ಹಾಲು, ಮೊಸರು ಹೋದರೆ ಹೋಗಲಿ, ಒಳಗೆ ಮಾವನವರ ಇನ್ಸುಲಿನ್ ಇತ್ತು. ಆ ಗಾಬರಿಯಲ್ಲಿ ಕಂಪನಿ ಹೆಸರಿನ ಮುಂದೆ 'ಕಸ್ಟಮರ್ ಕೇರ್ ವಿಜಯಪುರ' ಅಂತ ಹಾಕಿ ಮೊಬೈಲಿನಲ್ಲಿ ಹುಡುಕಿದೆ, ಮೊದಲು ಕಂಡ ನಂಬರಿಗೇ ಫೋನ್ ಮಾಡಿದೆ. ತಪ್ಪಾಗಿದ್ದು ಅಲ್ಲೇ. ಅದು ಯಾರದೋ ಮೊಬೈಲ್ ನಂಬರ್.

ಒಂದು ತಾಸಿಗೆ ಒಬ್ಬ ಹುಡುಗ ಬಂದ. ಐಡಿ ಕಾರ್ಡ್ ಇರಲಿಲ್ಲ, ನಾನೂ ಕೇಳಲಿಲ್ಲ. ಹಿಂದೆ ಬಗ್ಗಿ ನೋಡಿ "ಗ್ಯಾಸ್ ಎಲ್ಲಾ ಹೋಗೇತ್ರಿ ಅಕ್ಕಾರ, ತುಂಬಬೇಕು" ಅಂದ. ನಾನು ಎದುರುಮನೆಗೆ ಹೋಗಿ ಅವರ ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟು ಬರುವಷ್ಟರಲ್ಲಿ, ಅಂದರೆ ಹದಿನೈದು ನಿಮಿಷದಲ್ಲಿ, ತುಂಬಿದ್ದೂ ಆಯಿತಂತೆ. 2,800 ರೂಪಾಯಿ. ಅಷ್ಟಾದರೂ ಫ್ರಿಜ್ ಚಾಲೂ ಆಗಲಿಲ್ಲ. "ಬೋರ್ಡೂ ಸುಟ್ಟೇತ್ರಿ, ಒಯ್ದು ಮಾಡಿಸ್ಕೊಂಡು ಸಂಜಿಗೆ ತರ್ತೀನಿ" ಅಂತ ಫ್ರಿಜ್ಜಿನ ಎಲೆಕ್ಟ್ರಾನಿಕ್ ಬೋರ್ಡ್ ಬಿಚ್ಚಿಕೊಂಡು, ಇನ್ನೂ 1,500 ಅಡ್ವಾನ್ಸ್ ಹಾಕಿಸಿಕೊಂಡು ಹೋದ. ಸಂಜೆಯಿಂದ ಫೋನ್ ಸ್ವಿಚ್ ಆಫ್.

ಮನೆಯವರು ಬಂದು ಮೊದಲು ಕೇಳಿದ್ದು "ಬಿಲ್ ಎಲ್ಲಿ?" ಅಂತ. ಬಿಲ್ ಇಲ್ಲ. ಆವತ್ತು ರಾತ್ರಿ ನಮ್ಮಿಬ್ಬರಿಗೂ ಜಗಳ ಆಯಿತು, ಮಾವನವರು ತಮ್ಮಿಂದಲೇ ಹೀಗಾಯಿತು ಅನ್ನುವ ಹಾಗೆ ಸುಮ್ನೆ ಕೂತಿದ್ದರು. ದುಡ್ಡಿಗಿಂತ ಅದೇ ಜಾಸ್ತಿ ಸಂಕಟ ಆಯಿತು.

ಮರುದಿನ ವಾರಂಟಿ ಕಾರ್ಡ್ ಹುಡುಕಿ, ಅದರಲ್ಲಿದ್ದ ನಂಬರಿಗೆ ಹೇಳಿ ಕಂಪನಿಯ ಮೆಕ್ಯಾನಿಕ್‌ನ ಕರೆಸಿದೆವು. ಅವರು ಟಾರ್ಚ್ ಹಾಕಿ ಕಂಪ್ರೆಸರ್ ಪಕ್ಕದ ತಾಮ್ರದ ಪೈಪ್ ತೋರಿಸಿದರು. ಮೇಲಿನ ಧೂಳು, ಜೇಡರ ಬಲೆ ಹಾಗೇ ಇತ್ತು. ಯಾರೂ ಮುಟ್ಟೇ ಇಲ್ಲ! ಗ್ಯಾಸ್ ತುಂಬಬೇಕಂದ್ರೆ ಲೀಕ್ ಹುಡುಕಿ ಬೆಸುಗೆ ಹಾಕಬೇಕು, ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ ತೆಗೆಯಬೇಕು, ಆಮೇಲೆ ತೂಕ ನೋಡಿ ತುಂಬಬೇಕು, ಹದಿನೈದು ನಿಮಿಷದ ಕೆಲಸವೇ ಅಲ್ಲ ಅಂದರು. ನಮ್ಮ ಕಂಪ್ರೆಸರಿಗೆ 10 ವರ್ಷದ ವಾರಂಟಿ ಇದೆ, ಅದು ಸರಿಯಾಗಿಯೇ ಇದೆ. ಹೋದ ಬೋರ್ಡಿಗೆ ಮಾತ್ರ ಹೊಸದು ಕೊಳ್ಳಬೇಕಾಯಿತು.

ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, 2 ವರ್ಷದೊಳಗೆ ಹಾಕಬಹುದು. ಆದರೆ ಬಿಲ್ಲಿಲ್ಲ, ವಿಳಾಸ ಇಲ್ಲ, ಯಾರ ಮೇಲೆ ಹಾಕುವುದು? ಫೋನ್‌ಪೇ ಮಾಡಿದ ದಾಖಲೆ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ, ಅದೂ ನಾಲ್ಕನೇ ದಿನ. ನೀವು ಹಾಗೆ ಕಾಯಬೇಡಿ, ಗೊತ್ತಾದ ಕೂಡಲೇ ಮಾಡಿ. ಕಂಪನಿಯವರೇ ಸರಿಯಾಗಿ ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಬಿಲ್ ಕೊಡದವರ ಕೈಗೆ ಮನೆಯ ಯಾವ ಪಾರ್ಟನ್ನೂ ಕೊಟ್ಟು ಕಳಿಸಬೇಡಿ. ಇವತ್ತೇ ವಾರಂಟಿ ಕಾರ್ಡಿನ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೂ ಕಳಿಸಿಡಿ. ನಮ್ಮ ಊರಲ್ಲಿ ಇನ್ಯಾರಿಗಾದರೂ ಹೀಗೇ ಬೋರ್ಡ್ ಒಯ್ದಿದ್ದರೆ ನನಗೆ ತಿಳಿಸಿ, ಠಾಣೆಗೆ ಒಟ್ಟಿಗೇ ಹೋಗೋಣ.