ಎಕ್ಸ್‌ಪಿಎಸ್ ಶೀಟ್: ಆರು ವರ್ಷ ಕೋಟೆ ಕಟ್ಟಿದ ಮೇಲೆ

ನಮ್ಮ ಮನೆಯ ಅಟ್ಟದಲ್ಲಿ ಈಗ ಹನ್ನೊಂದು ರಟ್ಟಿನ ಪೆಟ್ಟಿಗೆಗಳಿವೆ. ಅವುಗಳ ತುಂಬ ಕೋಟೆ ಗೋಡೆ, ಗುಡ್ಡ, ಸೇತುವೆ, ಮುರಿದ ಮನೆ. ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ದಾಳ, ಟೇಪು ಹಿಡಿದು ಆಡುವ ಯುದ್ಧದಾಟಕ್ಕೆ ಮಾಡಿದವು. ಎಲ್ಲವೂ ಒಂದೇ ಸಾಮಾನಿನಿಂದ ಆದವು: ತಾರಸಿಗೆ ಬಿಸಿಲು ತಡೆಯಲು ಹಾಸುತ್ತಾರಲ್ಲ, ಆ ಎಕ್ಸ್‌ಪಿಎಸ್ ಫೋಮ್ ಶೀಟ್. ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆರು ಮಳೆಗಾಲ ಕಳೆದ ಮೇಲೆ ಏನು ಉಳಿಯಿತು ಎಂದು ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೆಲ ಬರಿದಾಗಿದ್ದರೆ ಈ ಆಟಕ್ಕೆ ಅರ್ಥವಿಲ್ಲ. ಗುಡ್ಡದ ಹಿಂದೆ ಅಡಗಬೇಕು, ಗೋಡೆ ಹತ್ತಬೇಕು, ಹೊಳೆ ದಾಟುವಾಗ ತಡವಾಗಬೇಕು. 1812ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಅಧಿಕಾರಿ ರೈಸ್ವಿಟ್ಸ್ ತನ್ನ ರಾಜನಿಗೆ ಮಾಡಿಕೊಟ್ಟ ಯುದ್ಧದಾಟದ ಮೇಜಿನಲ್ಲೂ ಗುಡ್ಡ, ನದಿಗಳ ತುಂಡುಗಳನ್ನು ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಿತ್ತು. ಆಗ ಅದು ಗಾರೆ ಅಚ್ಚಿನ ಕೆಲಸ. ನಮಗೆ ಫೋಮ್ ಸಿಕ್ಕಿದೆ.

ನಾನೂ ಎಲ್ಲರಂತೆ ಮೊದಲು ಥರ್ಮಾಕೋಲ್ ಹಿಡಿದೆ. ಅದು ಮಣಿಗಳನ್ನು ಉಬ್ಬಿಸಿ ಒತ್ತಿ ಮಾಡಿದ್ದು. ಕತ್ತರಿಸಿದರೆ ಮಣಿ ಉದುರುತ್ತದೆ. ಕೈಗೆ, ಬಟ್ಟೆಗೆ, ಬಣ್ಣದ ಬ್ರಷ್‌ಗೆ ಅಂಟಿಕೊಳ್ಳುತ್ತದೆ. ಕಲ್ಲಿನ ಸಂದು ಗೀರಲು ಹೋದರೆ ಗೆರೆ ಮಣಿಯ ಸುತ್ತ ಸೊಟ್ಟಗೆ ಹೋಗುತ್ತದೆ. ಎಕ್ಸ್‌ಪಿಎಸ್ ಕೂಡ ಥರ್ಮಾಕೋಲ್‌ನಂತೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೇ. ಆದರೆ ಕರಗಿಸಿ, ಅನಿಲ ಬೆರೆಸಿ, ಒಂದೇ ಹಾಳೆಯಾಗಿ ಹೊರಗೆ ತಳ್ಳಿದ್ದು. ಒಳಗೆ ಮಣಿ ಇಲ್ಲ, ಸಣ್ಣ ಮುಚ್ಚಿದ ಗುಳ್ಳೆಗಳು ಮಾತ್ರ. ಪೆನ್ಸಿಲ್ ಒತ್ತಿದರೆ ಒತ್ತಿದಷ್ಟೇ ತಗ್ಗು ಬೀಳುತ್ತದೆ, ಬಿದ್ದದ್ದು ಹಾಗೇ ನಿಲ್ಲುತ್ತದೆ. ನನಗೆ ಇದೊಂದೇ ಸಾಕಾಗಿತ್ತು.

ಕೊಳ್ಳುವಾಗ ಸ್ವಲ್ಪ ಅಲೆಯಬೇಕು. ಸ್ಟೇಷನರಿ ಅಂಗಡಿಯಲ್ಲಿ ಕೇಳಬೇಡಿ. ವಾಟರ್‌ಪ್ರೂಫಿಂಗ್ ಸಾಮಾನು ಮಾರುವ ಕಡೆ ಕೇಳಿ. ನನಗೆ ಸಿಗುವ ಶೀಟ್ 1250 ಮಿ.ಮೀ. ಉದ್ದ, 600 ಮಿ.ಮೀ. ಅಗಲ. ದಪ್ಪ 25 ಅಥವಾ 50 ಮಿ.ಮೀ. ಅವರು ಕಟ್ಟುಗಟ್ಟಲೆ ಮಾರುವವರು, ಒಂದೆರಡು ಶೀಟ್ ಬಿಡಿಯಾಗಿ ಕೊಡಲು ಒಪ್ಪುವುದಿಲ್ಲ. ಮೂಲೆ ಮುರಿದ ಶೀಟ್ ಇದೆಯಾ ಎಂದು ಕೇಳಿದರೆ ಕೊಡುತ್ತಾರೆ. ನಮಗೆ ಮೂಲೆ ಹೋದರೇನು, ಹೇಗೂ ಕತ್ತರಿಸುತ್ತೇವೆ ಅಲ್ವಾ. ಸಾಂದ್ರತೆ ಘನ ಮೀಟರಿಗೆ 32 ಕೆ.ಜಿ.ಗಿಂತ ಕಡಿಮೆ ಇದ್ದರೆ ಬೇಡ, ಉಗುರು ತಾಗಿದರೂ ಗುಳಿ ಬೀಳುತ್ತದೆ. ಆ ಲೆಕ್ಕದಲ್ಲಿ 50 ಮಿ.ಮೀ. ದಪ್ಪದ ಪೂರ್ತಿ ಶೀಟ್ ತೂಗುವುದು 1.2 ಕೆ.ಜಿ. ಮಾತ್ರ. ಬಣ್ಣ ಗುಲಾಬಿಯೋ ನೀಲಿಯೋ ಹಸಿರೋ, ಅದರಲ್ಲಿ ಏನೂ ಇಲ್ಲ.

ಕತ್ತರಿಸುವುದಕ್ಕೆ ಎರಡು ದಾರಿ. ಸ್ನ್ಯಾಪ್ ಬ್ಲೇಡ್ ಕಟರ್ ಇದ್ದರೆ ಶುರು ಮಾಡಬಹುದು. ಆದರೆ ಫೋಮ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದ ಬ್ಲೇಡ್ ಕತ್ತರಿಸುವುದಿಲ್ಲ, ಹರಿಯುತ್ತದೆ. ಹತ್ತು ಹನ್ನೆರಡು ಸಲ ಎಳೆದ ಮೇಲೆ ತುದಿ ಮುರಿದು ಹೊಸದು ತೆಗೆಯಿರಿ, ಜಿಪುಣತನ ಬೇಡ. ಎರಡನೆಯದು ಬಿಸಿ ತಂತಿಯ ಕಟರ್. ನಿಕ್ರೋಮ್ ತಂತಿ ಬಿಸಿಯಾಗಿ ಫೋಮನ್ನು ಕರಗಿಸುತ್ತಾ ಹೋಗುತ್ತದೆ. ತಂತಿ ಕೆಂಪಾಗಬಾರದು. ಕೆಂಪಾದರೆ ಸಂದು ಅಗಲವಾಗಿ ಅಳತೆ ತಪ್ಪುತ್ತದೆ. ಕೈ ತಳ್ಳಬಾರದು, ತಂತಿ ಹೋದಷ್ಟೇ ಹೋಗಲು ಬಿಡಬೇಕು. ಹೊಗೆಯಲ್ಲಿ ಸ್ಟೈರೀನ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ. ಹಾಗಾಗಿ ಕಿಟಕಿ ತೆರೆದು, ಫ್ಯಾನ್ ಹಾಕಿಯೇ ಕೆಲಸ. ಉಜ್ಜುವಾಗ ಮಾಸ್ಕ್ ಕಡ್ಡಾಯ.

ಈಗ ನನಗೆ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಎರಡನೇ ವರ್ಷ ನಾನು ಶ್ರೀರಂಗಪಟ್ಟಣದ ಕೋಟೆ ಒಡೆದ ಜಾಗವನ್ನು ಮಾಡಲು ಕೂತೆ. 1799ರ ಮೇ 4ರ ಮಧ್ಯಾಹ್ನದ ದಾಳಿ, ಮುತ್ತಿಗೆಯ ಕೊನೆಯ ದಿನ. ಮಳೆ ಬಂದು ಕಾವೇರಿ ತುಂಬುವ ಮೊದಲೇ ನುಗ್ಗಬೇಕು ಎಂಬ ಅವಸರ ಇಂಗ್ಲಿಷರಿಗಿತ್ತು. ಬಂಡೆ ಎದ್ದ ಹೊಳೆ ದಾಟಿ, ಒಡೆದ ಗೋಡೆ ಹತ್ತಿ, ಮೇಲೆ ಬಂದ ಮೇಲೆ ಸೈನ್ಯ ಎಡಕ್ಕೂ ಬಲಕ್ಕೂ ಗೋಡೆಯ ಮೇಲೇ ಹರಡಿತು. ಹಾಗಾಗಿ ಆಟದಲ್ಲಿ ಗೋಡೆ ಅಡ್ಡ ನಿಂತರೆ ಸಾಲದು, ಅದರ ಮೇಲೆ ಕಾದಾಟ ನಡೆಯಬೇಕು. ನಮ್ಮ ಗೊಂಬೆಗಳು 28 ಮಿ.ಮೀ.ನವು, ಕಾಲಡಿಯ ಬಿಲ್ಲೆ 25 ಮಿ.ಮೀ. ಇಬ್ಬರು ಪಕ್ಕಪಕ್ಕ ನಿಲ್ಲಬೇಕಾದರೆ ಗೋಡೆಯ ತಲೆ 60 ಮಿ.ಮೀ. ಆದರೂ ಇರಬೇಕು. ನಾನು 75 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಎರಡು ಪದರ ಪೇರಿಸಿದೆ. ಎತ್ತರ 100 ಮಿ.ಮೀ. ಬಂತು. ಗೊಂಬೆಯ ಲೆಕ್ಕದಲ್ಲಿ ಸುಮಾರು ಹದಿನೆಂಟು ಅಡಿ. ಹೊರಮುಖವನ್ನು ತಂತಿಯಲ್ಲಿ ಸ್ವಲ್ಪ ಓರೆ ಮಾಡಿದೆ.

ಕಲ್ಲಿನ ಸಾಲು ಗೀರುವ ಮೊದಲು ಒಂದು ಭಾನುವಾರ ಅಲ್ಲಿಗೇ ಹೋಗಿ ಗೋಡೆ ನೋಡಿ ಬಂದೆ. ಒಂದೇ ಅಳತೆಯ ಕಲ್ಲುಗಳಲ್ಲ. ಉದ್ದದ ಕಲ್ಲಿನ ಪಕ್ಕ ಗಿಡ್ಡ ಕಲ್ಲು, ಎಲ್ಲೋ ಒಂದು ಕಡೆ ಸಂದಿಗೆ ತುರುಕಿದ ಚಕ್ಕೆ. ಮನೆಗೆ ಬಂದು ಖಾಲಿ ಬಾಲ್‌ಪೆನ್ ರೀಫಿಲ್ ಹಿಡಿದು ಹಾಗೇ ಗೀರಿದೆ. ಮೊದಲು ಅಡ್ಡ ಸಾಲು, ಆಮೇಲೆ ಉದ್ದ ಸಂದು, ಒಂದರ ಕೆಳಗೆ ಇನ್ನೊಂದು ಸಂದು ಬಾರದ ಹಾಗೆ. ನಂತರ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ ಮುದ್ದೆ ಮಾಡಿ ಗೋಡೆಯ ಮೇಲೆ ಉರುಳಿಸಿದೆ. ನುಣುಪಾದ ಫೋಮ್ ಕಣ್ಣೆದುರೇ ಉಳಿ ಏಟು ತಿಂದ ಕಲ್ಲಾಯಿತು. ಎರಡು ಮೂರು ಕಲ್ಲನ್ನು ಬೆರಳಿನಿಂದ ಒಂದಿಷ್ಟು ಒಳಗೆ ಒತ್ತಿದೆ. ಬೆಳಕು ಪಕ್ಕದಿಂದ ಬಿದ್ದಾಗ ನೆರಳು ಅಲ್ಲೇ ಕೂರುತ್ತದೆ. ಆ ತುಂಡು ಇವತ್ತಿಗೂ ನನ್ನ ಕೈಯಿಂದ ಆದ ಒಳ್ಳೆಯ ಕೆಲಸ.

ಅಂಟಿನ ವಿಷಯ. ಫೆವಿಕಾಲ್ ಫೋಮಿಗೆ ಒಳ್ಳೆಯದು, ಆದರೆ ಎರಡು ಪದರದ ನಡುವೆ ಗಾಳಿ ಆಡುವುದಿಲ್ಲ. ಎರಡು ದಿನ ಬಿಟ್ಟು ತೆರೆದರೂ ಮಧ್ಯದಲ್ಲಿ ಹಸಿ ಇರುತ್ತದೆ. ತೆಳ್ಳಗೆ ಹಚ್ಚಿ, ಊದುಬತ್ತಿಯ ಕಡ್ಡಿ ಚುಚ್ಚಿ ಬಿಗಿ ಮಾಡಿ, ಮೇಲೆ ಪುಸ್ತಕ ಹೇರಿ ಒಂದು ವಾರ ಮರೆತುಬಿಡಿ. ಚಪ್ಪಲಿ, ರೆಕ್ಸಿನ್ ಅಂಟಿಸುವ ರಬ್ಬರ್ ಅಂಟು ಫೋಮನ್ನು ತಿನ್ನುತ್ತದೆ. ಸೂಪರ್ ಗ್ಲೂ ಕೂಡ ಹಾಗೆಯೇ.

ಸ್ಪ್ರೇ ಪೇಂಟ್ ಇವೆಲ್ಲಕ್ಕಿಂತ ಕೆಟ್ಟದ್ದು. ಮೊದಲ ವರ್ಷ ಒಂದು ಕೋಟೆ ಬಾಗಿಲಿಗೆ ಮೂರು ವಾರ ಕೂತಿದ್ದೆ. ಬಣ್ಣ ಬೇಗ ಆಗಲಿ ಎಂದು ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಹೊಡೆದೆ. ಬೆಲ್ಲದ ಅಚ್ಚಿಗೆ ನೀರು ಬಿದ್ದ ಹಾಗೆ ಕಮಾನಿನ ಅಂಚು ಕರಗಿ ಕುಳಿ ಬಿತ್ತು. ತುಂಬ ಬೇಜಾರಾಗಿತ್ತು. ಸ್ಪ್ರೇಯಲ್ಲಿರುವ ಅಸಿಟೋನ್, ಟೊಲುಯೀನ್‌ನಂಥ ದ್ರಾವಕಕ್ಕೆ ಪಾಲಿಸ್ಟೈರೀನ್ ನಿಲ್ಲುವುದಿಲ್ಲ, ಅದು ಫೋಮಿನ ತಪ್ಪಲ್ಲ.

ಹಾಗಾಗಿ ಬರಿ ಫೋಮ್ ಎಂದೂ ಮೇಜಿಗೆ ತರಬೇಡಿ. ಮೇಲೆ ಗಟ್ಟಿ ಚರ್ಮ ಬೇಕು. ನನ್ನ ಮಿಶ್ರಣ ಇದು: ಫೆವಿಕಾಲ್, ಅಷ್ಟೇ ಕಪ್ಪು ಅಕ್ರಿಲಿಕ್ ಬಣ್ಣ, ಒಂದು ಚಮಚ ವಾಲ್ ಪುಟ್ಟಿ ಪುಡಿ, ದೋಸೆ ಹಿಟ್ಟಿನ ಹದಕ್ಕೆ ನೀರು. ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ಶೀಟಿನ ಮೂಲ ಮೈ ನುಣುಪಾಗಿರುತ್ತದೆ, ಬಣ್ಣ ಹಿಡಿಯುವುದಿಲ್ಲ. ಮೊದಲೇ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ. ಈ ಎರಡು ಕೋಟ್ ಇರುವ ತುಂಡುಗಳು ಆರು ವರ್ಷದಲ್ಲಿ ಮೇಜಿನಿಂದ ಬಿದ್ದಿವೆ, ಮಕ್ಕಳ ಕೈಗೆ ಸಿಕ್ಕಿವೆ, ಆದರೂ ಚೆನ್ನಾಗಿವೆ. ಒಂದೇ ಕೋಟ್ ಹಾಕಿದವುಗಳ ಮೂಲೆಯಲ್ಲಿ ಬಿಳಿ, ಗುಲಾಬಿ ಇಣುಕುತ್ತಿದೆ.

ಮಳೆಗಾಲದ ಅನುಭವ ನನಗೆ ಆಶ್ಚರ್ಯ ತಂದಿತು. ಫೋಮ್ ನೀರು ಕುಡಿಯುವುದಿಲ್ಲ, ಅದಕ್ಕೆ ಏನೂ ಆಗಲಿಲ್ಲ. ಕೆಟ್ಟದ್ದು ಅದರ ಜೊತೆಯವು. ತಳಕ್ಕೆ ಹಾಕಿದ 3 ಮಿ.ಮೀ. ಎಂಡಿಎಫ್ ಹಲಗೆಯ (ಮರದ ನಾರು ಒತ್ತಿ ಮಾಡಿದ್ದು) ಅಂಚು ಊದಿಕೊಂಡಿತು. ಈಗ ಅಂಚಿಗೂ ತಳಕ್ಕೂ ಅದೇ ಕಪ್ಪು ಮಿಶ್ರಣ ಬಳಿಯುತ್ತೇನೆ. ಒಣಗಿಸಿದ ಚಹಾ ಚರಟ ಮಣ್ಣಿನ ಹಾಗೆ ಚೆಂದ ಕಾಣುತ್ತಿತ್ತು, ಜುಲೈ ಹೊತ್ತಿಗೆ ಬೂಷ್ಟು ಹಿಡಿಯಿತು. ಅದನ್ನು ಬಿಟ್ಟು ಜರಡಿ ಹಿಡಿದ ಮರಳು, ಹುಲ್ಲಿಗೆ ತೆಂಗಿನ ನಾರು ಬಳಸುತ್ತಿದ್ದೇನೆ, ತೊಂದರೆ ಇಲ್ಲ. ತೆಳ್ಳಗಿನ 5 ಮಿ.ಮೀ. ತುಂಡಿಗೆ ಒಂದೇ ಕಡೆ ಬಣ್ಣ ಹಚ್ಚಿದರೆ ಹಪ್ಪಳದಂತೆ ಬಾಗುತ್ತದೆ. ಎರಡೂ ಕಡೆ ಹಚ್ಚಿದರೆ ನೆಟ್ಟಗಿರುತ್ತದೆ.

ಬಿಸಿಲು ಬೇರೆ ಮಾತು. ಒಮ್ಮೆ ಏಪ್ರಿಲ್‌ನಲ್ಲಿ ಕಪ್ಪು ಬಣ್ಣದ ಗುಡ್ಡ ಕಾರಿನ ಹಿಂದಿನ ಗಾಜಿನ ಕೆಳಗೆ ಉಳಿದುಹೋಯಿತು. ಸಂಜೆ ನೋಡಿದರೆ ಒಂದು ಬದಿ ಕುಗ್ಗಿತ್ತು. 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದರ ಆಕಾರಕ್ಕೆ ಭರವಸೆ ಇಲ್ಲ. ತಾರಸಿಯಲ್ಲಿ ಬಿಟ್ಟ ಬರಿ ತುಂಡುಗಳು ಹಳದಿಯಾಗಿ, ಮುಟ್ಟಿದರೆ ಪುಡಿ ಉದುರುವಂತಾದವು. ಅಟ್ಟದಲ್ಲಿ ಇಲಿ ಒಂದು ಕೊತ್ತಲದ ಮೂಲೆ ಕಡಿದಿದೆ. ಆಮೇಲೆ ಆ ಪೆಟ್ಟಿಗೆಯನ್ನು ಮಾತ್ರ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಿಸಿದೆ.

ಒಂದು ಕೊರತೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಉಳಿದ ಚೂರು ಮಣ್ಣಲ್ಲಿ ಕೊಳೆಯುವುದಿಲ್ಲ, ನಮ್ಮ ಬೀದಿಯ ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ದೊಡ್ಡ ಚೂರನ್ನು ಬಂಡೆ ಮಾಡುತ್ತೇನೆ, ಸಣ್ಣದನ್ನು ಒಡೆದ ಗೋಡೆಯ ಕಲ್ಲುರಾಶಿಗೆ ಹಾಕುತ್ತೇನೆ. ಆದರೂ ಒಂದು ಚೀಲ ಮೂಲೆಯಲ್ಲಿ ಕೂತಿದೆ. ಅದಕ್ಕೇ ಈಗ ಕಾಗದದಲ್ಲಿ ಅಳತೆ ಬರೆದುಕೊಂಡ ಮೇಲೆಯೇ ತಂತಿ ಬಿಸಿ ಮಾಡುವುದು.

ಮನೆಯಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ನವರಾತ್ರಿಯಿಂದ. ಮೂರನೇ ವರ್ಷ ಅಮ್ಮ ಗೊಂಬೆ ಕೂರಿಸುವಾಗ "ನಿನ್ನ ಆ ಗುಡ್ಡ ತಗೊಂಡು ಬಾರೋ" ಎಂದರು. ಪಟ್ಟದ ಗೊಂಬೆಗಳ ಕೆಳಗೆ, ರಾಗಿ ಮೊಳಕೆಯ ಹಸಿರಿನ ನಡುವೆ ನನ್ನ ಕೋಟೆ ಗೋಡೆ ಕೂತಿತು. ಈಗ ಪ್ರತಿ ವರ್ಷ ಕೇಳುತ್ತಾರೆ. ಒಂದೇ ಎಚ್ಚರಿಕೆ: ಎಣ್ಣೆ ದೀಪ ಹತ್ತಿರ ಇಡಬಾರದು, ಇದು ಹೊತ್ತಿಕೊಳ್ಳುವ ಸಾಮಾನು. ನಾವು ಆ ಮೆಟ್ಟಿಲಿಗೆ ಸಣ್ಣ ಎಲ್‌ಇಡಿ ಸರ ಹಾಕುತ್ತೇವೆ.

ಹೊಸಬರು ಮೊದಲು 25 ಮಿ.ಮೀ. ಶೀಟ್ ಒಂದೇ ತೆಗೆದುಕೊಳ್ಳಿ, ಕಟರ್ ಸಾಕು, ತಂತಿಯ ಮೆಷಿನ್ ಆಮೇಲೆ. ನನ್ನ ಹತ್ತಿರ 50ರ ಒಂದೂವರೆ ಶೀಟ್ ಉಳಿದಿದೆ. ಅದರಲ್ಲಿ ಚಿತ್ರದುರ್ಗದ ಬಂಡೆಗಳನ್ನು ಶುರು ಮಾಡಿದ್ದೇನೆ. ಅಲ್ಲಿ ಗೀರುವ ಕೆಲಸ ಕಡಿಮೆ. ಕೈಯಲ್ಲಿ ಮುರಿದ ಅಂಚೇ ಬಂಡೆಯಂತೆ ಬರುತ್ತಿದೆ.