ಕುಡಿತ ಬಿಡಿಸೋ ಸೆಂಟರಿಗೆ 49 ಸಾವಿರ ಕಟ್ಟಿದ ಕಥೆ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆನ್‌ಲೈನ್ ಅರ್ಜಿ, ಬಾಂಡ್ ಪೇಪರ್ ಟೈಪಿಂಗ್ ಎಲ್ಲ ಮಾಡುತ್ತೇನೆ. ದಿನಕ್ಕೆ ನಲವತ್ತು ಐವತ್ತು ಜನಕ್ಕೆ "ಓದಿ ಸಹಿ ಮಾಡ್ರಿ" ಅಂತ ಹೇಳುವವನು ನಾನು. ಅಂಥವನು ಹೋದ ವರ್ಷ ಫೆಬ್ರವರಿಯಲ್ಲಿ, ಬೆಳಗಿನ ಐದು ಗಂಟೆಗೆ, ಜೀಪಿನ ಬಾನೆಟ್ ಮೇಲಿಟ್ಟ ಎರಡು ಹಾಳೆಗೆ ಓದದೇ ಸಹಿ ಹಾಕಿದೆ. ಅದರಲ್ಲಿ ಒಂದು ಖಾಲಿ ಹಾಳೆ.

ಆ ಸೆಂಟರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೇರೆ ಬೋರ್ಡು ಹಾಕುತ್ತಾರೆ, ಅಷ್ಟೇ. ಅವರು ಹೇಗೆ ಮಾತಾಡುತ್ತಾರೆ, ಯಾವ ಯಾವ ಹೆಸರಲ್ಲಿ ದುಡ್ಡು ಕೀಳುತ್ತಾರೆ ಅನ್ನೋದು ನಿಮಗೆ ಗೊತ್ತಿರಲಿ.

ನಮ್ಮಣ್ಣ ಗೂಡ್ಸ್ ಟೆಂಪೋ ಓಡಿಸುತ್ತಾನೆ. ಶಹಾಬಾದಿನಿಂದ ಫರಸಿ ಕಲ್ಲು ತುಂಬಿಕೊಂಡು ಬರೋ ಕೆಲಸ. ಕುಡಿತ ಹದಿನೈದು ವರ್ಷದ್ದು. ಮೊದಲು ಸಂಜೆಗಷ್ಟೇ ಇತ್ತು. ಆಮೇಲೆ ಮಧ್ಯಾಹ್ನವೂ ಶುರುವಾಯಿತು. ಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಬೇಕೇ ಬೇಕು ಅನ್ನೋ ಹಂತಕ್ಕೆ ಬಂತು. ಇಲ್ಲದಿದ್ದರೆ ಚಹಾದ ಬಸಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಅರ್ಧ ಚಹಾ ಅಂಗಿಯ ಮೇಲೆ.

ಆ ಬಸಿ ಅಲುಗುವುದನ್ನು ನಾವು ವರ್ಷಗಟ್ಟಲೆ ನೋಡಿದೆವು. ಅದರ ಅರ್ಥ ಮಾತ್ರ ಗೊತ್ತಿರಲಿಲ್ಲ. ಹಾಗೆ ಕೈ ನಡುಗುವವರು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು. ಜೀವವೇ ಹೋಗಬಹುದು. ನಾವು ತಿಳಿದಿದ್ದು ಪೂರ್ತಿ ಉಲ್ಟಾ: ಬಾಟಲಿ ಸಿಗದ ಕಡೆ ಒಂದೆರಡು ತಿಂಗಳು ಕೂಡಿ ಹಾಕಿದರೆ ಸರಿಹೋಗುತ್ತಾನೆ ಅಂತ. ಈ ಸೆಂಟರುಗಳ ವ್ಯಾಪಾರ ನಿಂತಿರೋದೇ ಆ ನಂಬಿಕೆಯ ಮೇಲೆ.

ಸೆಂಟರಿಗೂ ಮುಂಚೆ ಒಂದು ಪುಡಿಯ ಪ್ರಸಂಗ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರದ ಗೋಡೆಯಲ್ಲಿ "ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ ಚೀಟಿ ಇತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, 1,800 ರೂಪಾಯಿ ಕೊಟ್ಟು ಪೊಟ್ಟಣ ತರಿಸಿದರು. ಬ್ಯಾಳಿಯಲ್ಲಿ ಕಲಸಿ ಹಾಕಿದರು. ಅವತ್ತು ರಾತ್ರಿ ಅಣ್ಣ ಕುಡಿದು ಬಂದವನೇ ಮುಖ ಕೆಂಪಗೆ ಮಾಡಿಕೊಂಡು, ಎದೆ ಹಿಡಿದುಕೊಂಡು, ಬಾಗಿಲಲ್ಲೇ ವಾಂತಿ ಮಾಡಿದ. ಪೊಟ್ಟಣದ ಮೇಲೆ ಒಳಗೆ ಏನಿದೆ ಅಂತ ಒಂದಕ್ಷರ ಇರಲಿಲ್ಲ. ಮುಂದೆ ಡಾಕ್ಟರು ವಿವರಿಸಿದರು: ಡೈಸಲ್ಫಿರಾಮ್ ಅಂತ ಮಾತ್ರೆ ಇದೆ, ಅದು ಮೈಯಲ್ಲಿರುವಾಗ ಕುಡಿದರೆ ಹೀಗೇ ಆಗುತ್ತದೆ. ಅದನ್ನು ರೋಗಿಗೆ ಹೇಳಿ, ಅವರು ಒಪ್ಪಿದ ಮೇಲೆ, ಲಿವರ್ ಮತ್ತು ಹೃದಯ ನೋಡಿ ಕೊಡಬೇಕು. ಕದ್ದು ಹಾಕಿದರೆ ಸಾಯಲೂಬಹುದು. ನಮ್ಮ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಆಮೇಲೆ ಒಂದು ರಾತ್ರಿ ಮನೆಯಲ್ಲಿ ದೊಡ್ಡ ಗಲಾಟೆ ಆಯಿತು. ವೈನಿ ಅಳುತ್ತಾ "ತಮ್ಮಾ, ಏನಾರ ಮಾಡು" ಅಂದರು. ನಾನು ಮೊಬೈಲ್ ತೆಗೆದು ಹುಡುಕಿದೆ. ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಿದೆ. ರಾತ್ರಿ ಹನ್ನೊಂದೂವರೆಗೂ ಎತ್ತಿದರು. ಅದಕ್ಕೇ ಖುಷಿಯಾಗಿಬಿಟ್ಟೆ.

ಆ ಕಡೆಯವನು ಕೇಳಿದ ಮೊದಲ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. "ಹೊಲಾ ಎಷ್ಟ ಎಕರೆ ಅದ್ರಿ? ಈ ಸಲ ತೊಗರಿ ಮಾರೀರೇನು?" ಅಣ್ಣ ದಿನಕ್ಕೆ ಎಷ್ಟು ಕುಡಿಯುತ್ತಾನೆ, ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿತ್ತಾ, ಸಕ್ಕರೆ ಬಿಪಿ ಇದೆಯಾ, ಒಂದನ್ನೂ ಕೇಳಲಿಲ್ಲ. ನಾನೋ, ಮಾತಿನ ಭರದಲ್ಲಿ ತೊಗರಿ ದುಡ್ಡು ಬಂದಿರೋದನ್ನೂ ಹೇಳಿಬಿಟ್ಟೆ.

ತಿಂಗಳಿಗೆ 12 ಸಾವಿರ, ಮೂರು ತಿಂಗಳದ್ದು ಮುಂಗಡ. ಅಂದರೆ 36 ಸಾವಿರ. ಮನೆಗೆ ಬಂದು ಕರೆದೊಯ್ಯೋದಕ್ಕೆ 'ಪಿಕಪ್' ಅಂತ 5 ಸಾವಿರ ಬೇರೆ. ನೂರಕ್ಕೆ ನೂರು ಗ್ಯಾರಂಟಿ. ನಮ್ಮದು ಬಿಪಿಎಲ್ ಕಾರ್ಡ್, ಆರೋಗ್ಯ ಕಾರ್ಡ್ ನಡೆಯುತ್ತಾ ಅಂತ ಕೇಳಿದೆ. "ನಡೀತದ್ರಿ, ಈಗ ಸರ್ವರ್ ಡೌನ್ ಅದ, ಕಟ್ರಿ, ಆಮ್ಯಾಲ ವಾಪಸ್ ಬರ್ತದ" ಅಂದ. ಸರ್ವರ್ ಡೌನ್ ಅನ್ನೋ ಮಾತನ್ನು ಅಂಗಡಿಯಲ್ಲಿ ನಾನೇ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಆದರೂ ನಂಬಿದೆ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರೋದು ನಿಜ. ಆದರೆ ಅದು ಆ ಯೋಜನೆಗೆ ನೋಂದಾಯಿಸಿದ ಆಸ್ಪತ್ರೆಗಳಲ್ಲಿ ಮಾತ್ರ ನಡೆಯೋದು. ಈ ಸೆಂಟರ್ ಆಸ್ಪತ್ರೆಯೇ ಅಲ್ಲ.

ಸೋಮವಾರ ಬೆಳಗಿನ ಜಾವ ನಾಲ್ಕು ಜನ ಜೀಪಿನಲ್ಲಿ ಬಂದರು. ಅಣ್ಣ ಹಾಸಿಗೆಯಲ್ಲಿದ್ದ. ಎಬ್ಬಿಸಿ, ಟವೆಲಿನಿಂದ ಕೈ ಹಿಂದಕ್ಕೆ ಕಟ್ಟಿದರು. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಣ್ಣ ಕೂಗಾಡಲಿಲ್ಲ. ಜೀಪು ಹತ್ತುವಾಗ ಒಮ್ಮೆ ತಿರುಗಿ "ತಮ್ಮಾ, ನೀನೇ ಕರ್ಸಿದೇನು?" ಅಂದ. ನಾನು ಸಹಿ ಹಾಕುತ್ತಿದ್ದೆ.

21 ದಿನ ಭೇಟಿ ಇಲ್ಲ, ಫೋನೂ ಇಲ್ಲ ಅಂದರು. ಮನೆಯವರನ್ನು ನೋಡಿದರೆ ಮನಸ್ಸು ಎಳೆಯುತ್ತದೆ ಅಂತೆ. ಗುರುವಾರ ಸಂಜೆ ಅವರಿಂದಲೇ ಫೋನ್ ಬಂತು. ಔಷಧಿ ಖರ್ಚು 8 ಸಾವಿರ ಆಗಿದೆ, ಈಗಲೇ ಫೋನ್‌ಪೇ ಮಾಡಿ ಅಂದರು. ಮಾಡಿದೆ. ಬಿಲ್ ಕೇಳಿದೆ. ಒಂದು ಚೀಟಿಯ ಫೋಟೋ ಬಂತು: ಇಂಜೆಕ್ಷನ್ 3,500, ಸಲೈನ್ 2,000, ಇತರೆ 2,500. ಔಷಧಿ ಹೆಸರಿಲ್ಲ, ಡಾಕ್ಟರ ಸಹಿ ಇಲ್ಲ, ಸೀಲ್ ಇಲ್ಲ. ಬದುಕಿಡೀ ಕಾಗದ ನೋಡಿದ ಕಣ್ಣು ನನ್ನದು. ಎಲ್ಲ ಸೊನ್ನೆಯಲ್ಲೇ ಮುಗಿಯೋ ಔಷಧಿ ಬಿಲ್ ಇರುತ್ತಾ? ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹೇಳದೇ ಕೇಳದೇ ಅಲ್ಲಿಗೆ ಹೋದೆ.

ಊರ ಹೊರಗೆ ಎರಡಂತಸ್ತಿನ ಬಾಡಿಗೆ ಮನೆ. ಕೆಳಗೊಂದು ಹಾಲ್, ಕಬ್ಬಿಣದ ಗೇಟು, ಹೊರಗಿನಿಂದ ಬೀಗ. ಒಳಗೆ ಇಪ್ಪತ್ತೆರಡು ಜನ, ಎಣಿಸಿದೆ. ಎಲ್ಲರ ತಲೆಯೂ ಬೋಳು. ಅಣ್ಣ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾಲಿಗೆಯ ಅಂಚು ಹರಿದು ಕಪ್ಪಾಗಿತ್ತು. ಎರಡು ಸಲ ಫಿಟ್ಸ್ ಬಂದಿತ್ತಂತೆ, ಪಕ್ಕದಲ್ಲಿದ್ದವನು ಹೇಳಿದ. ಮೇಲ್ವಿಚಾರಕ ಮಾಡಿದ್ದು ಮುಖಕ್ಕೆ ನೀರು ಹೊಡೆದಿದ್ದು, ಅಷ್ಟೇ. ನನ್ನನ್ನು ನೋಡಿ ಅಣ್ಣ "ಅಪ್ಪಾ, ಎತ್ತು ಬಿಡ್ಲೇನು?" ಅಂದ. ಅಪ್ಪ ತೀರಿಕೊಂಡು ಎಂಟು ವರ್ಷ ಆಯಿತು. ಅವನ ಬೆರಳು ಸುಮ್ಮನಿರಲಿಲ್ಲ. ಗಾಳಿಯಲ್ಲಿ ತೊಗರಿ ಕಾಯಿ ಬಿಡಿಸುತ್ತಿದ್ದ, ಒಂದೊಂದೇ, ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದ.

ನೀರು ಹೊಡೆದ ವಿಷಯ ಹೇಳಿದವನು ಗುರುಮಠಕಲ್ ಕಡೆಯ ಹುಡುಗ. ಅವನದು ಸೇಂದಿ ಚಟ. ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಾಜೊಲಾಮ್ ಬೆರೆಸೋದು ನಮ್ಮ ಕಡೆ ಹಳೇ ಕಥೆ. ಆ ಬೆರಕೆ ಔಷಧಿಗೆ ಮೈ ಒಗ್ಗಿದವರಿಗೂ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಸೇಂದಿ ತಾನೇ, ಅದೇನು ಮಹಾ ಅಂತ ಬಿಡಬೇಡಿ.

ಕರೆದುಕೊಂಡು ಹೋಗುತ್ತೇನೆ ಅಂದರೆ ಬಿಡಲಿಲ್ಲ. "ಮೂರು ತಿಂಗಳ ಕರಾರ್ ಅದ, ನೀವೇ ಸಹಿ ಮಾಡೀರಿ" ಅಂತ ಹಾಳೆ ತೋರಿಸಿದರು. ನನ್ನದೇ ಸಹಿ. ಖಾಲಿ ಇದ್ದ ಹಾಳೆ ಈಗ ತುಂಬಿತ್ತು. ನಾನು 112ಕ್ಕೆ ಫೋನ್ ಹಚ್ಚಿದೆ. ಆ ಕಡೆ ರಿಂಗ್ ಆಗೋ ಶಬ್ದ ಕೇಳಿದ ಮೇಲೆ ಬೀಗ ತೆಗೆದರು. ದುಡ್ಡು ವಾಪಸ್ ಬರಲಿಲ್ಲ.

ಅಲ್ಲಿಂದ ಸೀದಾ ಸೇಡಂ ರಸ್ತೆಯ ಜಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋದೆವು. ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಆಕೆ ಕೇಳಿದ ಮೊದಲ ಪ್ರಶ್ನೆ: "ಕೊನೇ ಸಲ ಯಾವಾಗ ಕುಡಿದಿದ್ದರು?" ಎರಡನೇದು, ದಿನಕ್ಕೆ ಎಷ್ಟು. ಹೊಲದ ಸುದ್ದಿ ಯಾರೂ ಎತ್ತಲಿಲ್ಲ. ಗ್ಲೂಕೋಸ್ ಹಾಕುವುದಕ್ಕೂ ಮುಂಚೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ನಡುಕಕ್ಕೆ, ಫಿಟ್ಸ್ ಬರದ ಹಾಗೆ ಲೊರಾಜೆಪಾಮ್ ಕೊಟ್ಟು, ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಂದರು. ಮೂರನೇ ದಿನ ಅಣ್ಣ ನನ್ನನ್ನು ಗುರುತು ಹಿಡಿದ. ಹನ್ನೊಂದು ದಿನ ಅಲ್ಲಿದ್ದೆವು. ಹೊರಗಿನಿಂದ ತಂದ ಒಂದೆರಡು ಔಷಧಿ, ನನ್ನ ಊಟ, ಆಟೋ ಎಲ್ಲ ಸೇರಿ ನಮಗೆ ಆದ ಖರ್ಚು ಮೂರೂವರೆ ಸಾವಿರದ ಒಳಗೆ. ವಾರ್ಡಿನಲ್ಲಿ ಗದ್ದಲ ಜಾಸ್ತಿ, ಪಾಯಖಾನೆ ಅಷ್ಟಕ್ಕಷ್ಟೇ, ಕಾಯೋದು ತಪ್ಪಲ್ಲ. ಅದನ್ನೂ ಹೇಳಬೇಕಲ್ವಾ.

ಮನೆಯಲ್ಲಿ ಒಂದು ಖಾಸಗಿ ಆರೋಗ್ಯ ವಿಮೆಯೂ ಇತ್ತು. "ಎಲ್ಲಾ ಕವರ್ ಆಗ್ತದ" ಅಂತ ಏಜೆಂಟ್ ಮಾಡಿಸಿದ್ದ. ಪಾಲಿಸಿ ಪುಸ್ತಕ ತೆಗೆದು ನೋಡಿದರೆ, ಹೊರಗಿಟ್ಟ ಕಾಯಿಲೆಗಳ ಪಟ್ಟಿಯಲ್ಲಿ 12ನೇ ಕೋಡ್: ಕುಡಿತ, ಮಾದಕ ವಸ್ತು, ಯಾವುದೇ ಚಟದ ಚಿಕಿತ್ಸೆ, ಅದರಿಂದಾಗುವ ತೊಂದರೆ. ಈ ಕೋಡ್ ಒಂದು ಕಂಪನಿಯದ್ದಲ್ಲ, ಎಲ್ಲರ ಪಾಲಿಸಿಗೂ ಒಂದೇ ಥರ ಇರಲಿ ಅಂತ ಮಾಡಿದ ಪಟ್ಟಿಯದು. ನಿಮ್ಮ ಪಾಲಿಸಿಯಲ್ಲೂ ಇವತ್ತೇ ತೆಗೆದು ನೋಡಿ. ಮಾನಸಿಕ ಕಾಯಿಲೆಗೂ ಮೈಯ ಕಾಯಿಲೆಯ ಹಾಗೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಅದನ್ನು ಹಿಡಿದು ಜಗಳ ಆಡಬಹುದಿತ್ತೇನೋ. ನನಗೆ ಆಗ ತ್ರಾಣ ಇರಲಿಲ್ಲ.

ಆ ಕಾಯ್ದೆಯನ್ನು ಆಮೇಲೆ ಅಂಗಡಿಯಲ್ಲೇ ಪ್ರಿಂಟ್ ತೆಗೆದು ಓದಿದೆ. ಮೊದಲೇ ಓದಬೇಕಿತ್ತು. ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಅದರಡಿ ಬರುತ್ತವೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ಇಲ್ಲದೇ ನಡೆಸಿದರೆ ಮೊದಲ ಸಲಕ್ಕೆ 5 ಸಾವಿರದಿಂದ 50 ಸಾವಿರದವರೆಗೆ ದಂಡ. ನಮ್ಮೊಬ್ಬರಿಂದಲೇ 49 ಸಾವಿರ ವಸೂಲಿ ಮಾಡಿದವರಿಗೆ ಅದೇನು ಲೆಕ್ಕ, ಬಿಡಿ.

ರೋಗಿ ಒಪ್ಪದಿದ್ದಾಗ ಸೇರಿಸಿಕೊಳ್ಳೋದಕ್ಕೂ ದಾರಿ ಇದೆ. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಡಾಕ್ಟರ್ ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ನೋಡಿ ಬರೆಯಬೇಕು. ಅದೂ ಮೊದಲಿಗೆ 30 ದಿನದವರೆಗೆ ಮಾತ್ರ. ಟವೆಲ್ ಕಟ್ಟಿಕೊಂಡು ಬರುವ ನಾಲ್ಕು ಜನ ಮಾಡೋ ಕೆಲಸ ಅಲ್ಲ ಅದು. ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ. ಸರಪಳಿ ಹಾಕುವ ಹಾಗಿಲ್ಲ. 'ಮೂರು ತಿಂಗಳ ಕರಾರು' ತೋರಿಸಿದರೆ ಹೆದರಬೇಡಿ.

ಹೀಗಾಗಿ ಯಾರಾದರೂ ಅಂಗಡಿಗೆ ಬಂದು ಈ ವಿಷಯ ಎತ್ತಿದರೆ ನಾನು ಮೊದಲು ಕೇಳೋದು ಕೈ ನಡುಗುತ್ತಾ ಅಂತ. ನಡುಗಿದರೆ ಮೊದಲು ಆಸ್ಪತ್ರೆ, ಸೆಂಟರ್ ಆಮೇಲಿನ ಮಾತು. ಜಿಮ್ಸ್ ಥರದ್ದೇ ಸರ್ಕಾರಿ ಆಸ್ಪತ್ರೆ ಬೀದರಿನವರಿಗೆ ಬ್ರಿಮ್ಸ್ ಇದೆ, ಯಾದಗಿರಿಯವರಿಗೆ ಯಿಮ್ಸ್ ಇದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ 'ಮನೋಚೈತನ್ಯ' ಕಾರ್ಯಕ್ರಮ ಇದೆ, ಹೋಗೋ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಎರಡಕ್ಕೂ ದುಡ್ಡಿಲ್ಲ.

ಖಾಸಗಿ ಸೆಂಟರೇ ಬೇಕು ಅಂದರೆ ಬೇಡ ಅನ್ನಲ್ಲ, ಒಳ್ಳೆಯವೂ ಇವೆ. ಹಗಲು ಹೊತ್ತಿನಲ್ಲಿ ಹೋಗಿ ಒಳಗೆ ನೋಡಿ. ನೋಂದಣಿ ಪತ್ರದ ಫೋಟೋ ತಗೊಳ್ಳಿ. ರಾತ್ರಿ ಫಿಟ್ಸ್ ಬಂದರೆ ಯಾವ ಡಾಕ್ಟರ್ ಬರುತ್ತಾರೆ, ಅವರ ಹೆಸರೇನು ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಬೇಡಿ, ವಾರದ ಲೆಕ್ಕದಲ್ಲಿ ಕೇಳಿ. ರಸೀದಿ ಇಲ್ಲದೇ ರೂಪಾಯಿ ಬಿಚ್ಚಬೇಡಿ. ಗ್ಯಾರಂಟಿ ಅಂದವರನ್ನಂತೂ ನಂಬಲೇಬೇಡಿ. ಯಾವ ಡಾಕ್ಟರೂ ನಮಗೆ ಗ್ಯಾರಂಟಿ ಅನ್ನಲಿಲ್ಲ.

ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ಮತ್ತೆ ಕುಡಿದ. ಮರುದಿನ ತಾನೇ "ನಡಿ, ಡಾಕ್ಟರ್ ಬಲ್ಲಿ ಹೋಗೋಣು" ಅಂದ. ಅವರು ಬೈಯಲಿಲ್ಲ, ಇದು ಆಗೋದೇ, ಮಾತ್ರೆ ಬಿಡಬೇಡಿ ಅಂದರು. ಈಗ ಏಳು ತಿಂಗಳಾಯಿತು. ಟೆಂಪೋ ಓಡಿಸುತ್ತಿದ್ದಾನೆ. ನನ್ನ ಜೊತೆ ಮಾತು ಮಾತ್ರ ಅಳತೆಯಲ್ಲಿ.

ಹೋದ ವಾರ ಒಬ್ಬ ಹುಡುಗ ಅಂಗಡಿಗೆ ಬಂದು ಒಂದು ಹಾಳೆ ಕೊಟ್ಟ. ಐನೂರು ಕಾಪಿ ಬೇಕು ಅಂದ. ಕುಡಿತ ಬಿಡಿಸಲಾಗುವುದು, ನೂರಕ್ಕೆ ನೂರು ಗ್ಯಾರಂಟಿ, ಮನೆಯಿಂದ ಪಿಕಪ್. ಅದೇ ಅಕ್ಷರ, ಅದೇ ಫೋಟೋ, ಫೋನ್ ನಂಬರ್ ಮಾತ್ರ ಬೇರೆ. ಮಷೀನ್ ಕೆಟ್ಟಿದೆ ಅಂದೆ. ಅವನು ಹಾಳೆ ಮಡಚಿಕೊಂಡು ಪಕ್ಕದ ಅಂಗಡಿಗೆ ಹೋದ.